ಇಳಿಯದ ಮುಳ್ಳು

ಕಣ್ಣಿನ ಡಾಕ್ಟರು ಅಂಗಡಿಯ ಮೆಟ್ಟಿಲು ಹತ್ತದೆ ಕೆಳಗೇ ನಿಂತು, "ಸುಮ್ನೆ ಈ ಕಡೆ ಬಂದಿದ್ದೆ," ಎಂದಾಗಲೇ ಅವರು ಯಾಕೆ ಬಂದಿದ್ದಾರೆಂದು ರೇಡಿಯೋ ಮಾವನಿಗೆ ಗೊತ್ತಾಯಿತು. ಮಾವನ ಮಗ ತೀರಿಕೊಂಡ ಮೇಲೆ ಡಾಕ್ಟರು ಈ ಬೀದಿಗೇ ಕಾಲಿಟ್ಟಿರಲಿಲ್ಲ. ಅವರ ಹಳೆಯ ಸ್ಟೀರಿಯೋ ಆಂಪ್ಲಿಫೈಯರ್ ಅಂಗಡಿಯ ಅಟ್ಟದ ಮೇಲೆ, ಹರಿದ ಬೆಡ್‌ಶೀಟ್ ಸುತ್ತಿಕೊಂಡು ಕೂತಿತ್ತು. ಅದನ್ನು ರಿಪೇರಿ ಮಾಡುತ್ತಿರುವಾಗಲೇ ಮಾವನ ಒಬ್ಬನೇ ಮಗ ಕರೆಂಟ್ ಹೊಡೆದು ಸತ್ತಿದ್ದ.

"ಮಗಳ ಮನೆ ಹತ್ರ ಸಣ್ಣದೊಂದು ಮನೆ ನೋಡಿದೀವಿ. ಸಾಮಾನೆಲ್ಲ ಕಟ್ತಾ ಇದೀವಿ," ಎಂದರು ಡಾಕ್ಟರು. "ನಮ್ಮ ಸೆಟ್ಟು... ಹಾಗೇ ಕೊಟ್ಬಿಡಿ. ರಿಪೇರಿ ಗಿಪೇರಿ ಏನೂ ಬೇಡ."

"ಸತ್ತ ಸೆಟ್ಟನ್ನ ಯಾವತ್ತೂ ವಾಪಸ್ ಕಳಿಸಿಲ್ಲ ಡಾಕ್ಟ್ರೇ ನಾನು."

ಅಂದ ಮೇಲೆ ಮಾವನಿಗೇ ಆ ಮಾತು ಕೇಳಿಸಿತು. ಡಾಕ್ಟರು ತಲೆ ತಗ್ಗಿಸಿ ತಮ್ಮ ಚಪ್ಪಲಿ ನೋಡಿಕೊಂಡರು.

"ಭಾನುವಾರ ಬನ್ನಿ," ಎಂದ ಮಾವ. "ಹಾಡಿಸಿ ಕೊಡ್ತೀನಿ."

ಆ ಬೀದಿಯಲ್ಲಿ ಅವನು ಎಲ್ಲರಿಗೂ ರೇಡಿಯೋ ಮಾವ. ಮನೆಯ ಮುಂದಿನ ಕೋಣೆಯೇ ಅಂಗಡಿ, ಪರದೆಯಾಚೆ ಸಂಸಾರ. ಹೊಸ ಕಾಲದ ಸಾಮಾನು ಅವನ ಕೈಗೆ ಒಗ್ಗಲಿಲ್ಲ. ಗಾಜಿನ ವಾಲ್ವ್ ಇರುವ ರೇಡಿಯೋ, ಆಂಪ್ಲಿಫೈಯರ್ ಇವುಗಳನ್ನು ಇನ್ನೂ ಇಟ್ಟುಕೊಂಡ ಹಟಮಾರಿಗಳೆಲ್ಲ ಹುಡುಕಿಕೊಂಡು ಅವನಲ್ಲಿಗೇ ಬರುತ್ತಿದ್ದರು. ಮಗ ಅದೇ ಕೆಲಸವನ್ನು ನಗುನಗುತ್ತ ಕಲಿತ. "ಸೆಟ್ಟು ಕೆಮ್ಮಿದ್ರೆ ಕಂಡೆನ್ಸರ್, ಗೊರಕೆ ಹೊಡೆದ್ರೆ ಟ್ರಾನ್ಸ್‌ಫಾರ್ಮರ್, ಎರಡೂ ಇಲ್ದೆ ಸುಮ್ನಿದ್ರೆ ನಮ್ಮಪ್ಪ ಬೈದಿದಾರೆ ಅಂತ ಅರ್ಥ," ಎಂದು ಗಿರಾಕಿಗಳಿಗೆ ಹೇಳುತ್ತಿದ್ದ.

ಸೊಸೆಯೂ ಅವನಿಗೆ ತಕ್ಕವಳೇ. ಯೂನಿಫಾರಂ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ. ರಜೆಯ ದಿನ ಪರದೆಯ ಹಿಂದಿನಿಂದ ರೇಡಿಯೋದವರ ಗಂಭೀರ ದನಿಯಲ್ಲಿ, "ಕೇಳುಗರೇ, ಅನ್ನ ಆರುತ್ತಿದೆ, ಕೂಡಲೇ ಒಳಗೆ ಬರತಕ್ಕದ್ದು," ಎಂದು ಕೂಗುವಳು. ಅಂಗಡಿಯಲ್ಲಿದ್ದ ಗಿರಾಕಿಯೂ ನಗುತ್ತಿದ್ದ. ಹೆಣ್ಣುಮಕ್ಕಳಿಲ್ಲದ ಮಾವನಿಗೆ ಅವಳೆಂದರೆ ಒಂದು ತೂಕ ಹೆಚ್ಚೇ ಇತ್ತು.

ಹೋದ ವರ್ಷದ ಆ ಮಧ್ಯಾಹ್ನ ಮಾವ ಬಿಡಿಭಾಗ ತರಲು ಪೇಟೆಗೆ ಹೋಗಿದ್ದ. ಹೋಗುವ ಮುಂಚೆ, ಡಾಕ್ಟರ ಸೆಟ್ಟನ್ನು ಬಿಚ್ಚುತ್ತಿದ್ದ ಮಗನಿಗೆ ಎಂದಿನಂತೆ ಒಂದು ಮಾತು ಹೇಳಿದ್ದ: "ಪ್ಲಗ್ ಕಿತ್ತ ಮೇಲೆ ಒಂದು ಲೋಟ ನೀರು ಕುಡಿ. ಆಮೇಲೆ ಕೈ ಹಾಕು."

ಅದಕ್ಕೆ ಕಾರಣವಿತ್ತು. ವಾಲ್ವ್ ಸೆಟ್ಟಿನ ಹೊಟ್ಟೆಯಲ್ಲಿ ದಪ್ಪ ಕಂಡೆನ್ಸರುಗಳಿರುತ್ತವೆ. ಮನೆಯ ಮೇಲಿನ ನೀರಿನ ತೊಟ್ಟಿಯ ಹಾಗೆ ಅವು ಕರೆಂಟನ್ನು ತುಂಬಿಟ್ಟುಕೊಳ್ಳುತ್ತವೆ. ಪ್ಲಗ್ ಕಿತ್ತರೂ ಅದು ಒಳಗೇ ಇರುತ್ತದೆ, ಮನುಷ್ಯನನ್ನು ಕೊಲ್ಲುವಷ್ಟು. ಒಳ್ಳೆಯ ಸೆಟ್ಟುಗಳಲ್ಲಿ ಆ ತೊಟ್ಟಿಯನ್ನು ತಾನಾಗಿ ಖಾಲಿ ಮಾಡಲು ಒಂದು ರೆಸಿಸ್ಟೆನ್ಸ್ ಕೂರಿಸಿರುತ್ತಾರೆ. ಬೆರಳಿನಷ್ಟು ಉದ್ದದ ಮಣ್ಣುಬಣ್ಣದ ಕಡ್ಡಿ. ಡಾಕ್ಟರ ಸೆಟ್ಟಿನಲ್ಲಿ ಅದಿತ್ತು. ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ತೊಟ್ಟಿ ಖಾಲಿ. ಮೀಟರ್ ಇಟ್ಟು ನೋಡಿಯೇ ಕೈ ಹಾಕಬೇಕೆಂಬುದು ಕೆಲಸದ ನಿಯಮ. ಆದರೆ ಮಾವನೇ ಅದನ್ನು ಪಾಲಿಸುವುದು ಬಿಟ್ಟು ಎಷ್ಟೋ ಕಾಲವಾಗಿತ್ತು.

ಪೇಟೆಯಿಂದ ವಾಪಸಾದಾಗ ಅಂಗಡಿಯ ಮುಂದೆ ಜನ ನೆರೆದಿದ್ದರು. ಮಗ ಮೇಜಿಗೂ ಸ್ಟೂಲಿಗೂ ನಡುವೆ ಮಗ್ಗುಲಾಗಿ ಬಿದ್ದಿದ್ದ. ಸೊಸೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಮಾತನ್ನು ತಿರುಗಾಮುರುಗಾ ಹೇಳುತ್ತಿದ್ದಳು. "ಪ್ಲಗ್ ಕಿತ್ತಿದ್ರು. ನೀರು ಕೇಳಿದ್ರು, ಕೊಟ್ಟೆ. ಕುಡಿದ್ರು. ಲೋಟ ಒಳಗಿಡೋಕೆ ಹೋದೆ, ಧಡ್ ಅಂತು."

ಆಸ್ಪತ್ರೆ, ಪೊಲೀಸರು, ಮಣ್ಣು ಎಲ್ಲ ಮುಗಿದ ಮೇಲೆ ಮಾವ ಅಂಗಡಿಯ ಬಾಗಿಲು ಎಳೆದುಕೊಂಡು ಮೀಟರ್ ಹಿಡಿದು ಕೂತ. ಆ ಕಡ್ಡಿಯ ಎರಡೂ ತುದಿಗೆ ಮೀಟರಿನ ತಂತಿ ಇಟ್ಟು ನೋಡಿದ. ಮುಳ್ಳು ಇರಬೇಕಾದಲ್ಲೇ ನಿಂತಿತು. ರೆಸಿಸ್ಟೆನ್ಸ್ ಗಟ್ಟಿಯಾಗಿತ್ತು. ಹಾಗಾದರೆ ತೊಟ್ಟಿ ಖಾಲಿಯಾಗಿರಲೇಬೇಕು. ಮಗ ಪ್ಲಗ್ ಕಿತ್ತು, ನೀರು ಕುಡಿದು ಕೈ ಹಾಕಿದ್ದು ನಿಜವಾದರೆ ಅವನು ಸಾಯಲು ಸಾಧ್ಯವೇ ಇರಲಿಲ್ಲ. ಸತ್ತಿದ್ದಾನೆ. ಆದ್ದರಿಂದ ಪ್ಲಗ್ ಗೋಡೆಯಲ್ಲೇ ಇತ್ತು, ಯಾರೋ ಸ್ವಿಚ್ ಹಾಕಿದ್ದಾರೆ. ಮೇಜಿನ ಸ್ವಿಚ್ಚೂ ಫ್ಯಾನಿನ ಸ್ವಿಚ್ಚೂ ಒಂದೇ ಬೋರ್ಡಿನಲ್ಲಿ ಅಕ್ಕಪಕ್ಕ ಇದ್ದವು. ಆ ಹೊತ್ತಿನಲ್ಲಿ ಅಂಗಡಿಯೊಳಗೆ ಬಂದವಳು ಸೊಸೆ ಒಬ್ಬಳೇ.

"ಸೆಕೆ ಅಂತ ಫ್ಯಾನ್ ಹಾಕೋಕೆ ಹೋಗಿದೀಯ. ಇದರ ಸ್ವಿಚ್ ಹಾಕಿದೀಯ," ಎಂದ. "ಆಮೇಲೆ ಹೆದರಿಕೊಂಡು ಪ್ಲಗ್ ಕಿತ್ತಿದೀಯ. ಬೇಕಂತ ಮಾಡಿಲ್ಲ, ಗೊತ್ತು. ಒಪ್ಕೊಂಡುಬಿಡು. ಸುಳ್ಳು ಮಾತ್ರ ಹೇಳಬೇಡ."

"ಇಲ್ಲ ಮಾವ. ನಾನು ಬೋರ್ಡ್ ಹತ್ರಾನೇ ಹೋಗಿಲ್ಲ."

"ಮೀಟರ್ ಸುಳ್ಳು ಹೇಳತ್ತಾ?"

ಪೊಲೀಸರು ಆಕಸ್ಮಿಕ ಎಂದು ಬರೆದುಕೊಂಡು ಹೋಗಿದ್ದರು. ಮಾವ ಬಿಡಲಿಲ್ಲ. ಅನ್ನ ಬಡಿಸುವಾಗ ಕೇಳಿದ, ಬಟ್ಟೆ ಒಣಹಾಕುವಾಗ ಕೇಳಿದ. ಸಂತಾಪಕ್ಕೆ ಬಂದ ನೆಂಟರ ಮುಂದೆ, ಕ್ಷೌರದಂಗಡಿಯಲ್ಲಿ, ಹಾಲಿನ ಬೂತಿನಲ್ಲಿ, ಕೇಳಿದವರಿಗೂ ಕೇಳದವರಿಗೂ ರೆಸಿಸ್ಟೆನ್ಸಿನ ಕತೆ ಬಿಡಿಸಿ ಹೇಳಿದ. ಜನರಿಗೆ ಅದೇನೂ ಅರ್ಥವಾಗಲಿಲ್ಲ. ಸೊಸೆ ಸ್ವಿಚ್ ಹಾಕಿದಳಂತೆ ಎಂಬುದೊಂದು ಅರ್ಥವಾಯಿತು. ಒಂದು ಬೆಳಿಗ್ಗೆ ಅವಳ ಅಣ್ಣ ಆಟೋ ತಂದು ಅವಳನ್ನೂ ಒಂದು ಪೆಟ್ಟಿಗೆಯನ್ನೂ ಕೂರಿಸಿಕೊಂಡು ಹೋದ. ಅತ್ತೆ ಬಾಗಿಲ ತನಕ ಬಂದಳು. ಮಾವ ಬರಲಿಲ್ಲ.

ಈಗ ಡಾಕ್ಟರು ಹೋದ ಮೇಲೆ ಮಾವ ಏಣಿ ಹಾಕಿ ಸೆಟ್ಟನ್ನು ಇಳಿಸಿದ. ಹೆಂಡತಿ ಪರದೆ ಸರಿಸಿ ನೋಡಿದಳು.

"ಅದನ್ಯಾಕೆ ಮುಟ್ತೀರಿ? ಹಾಗೇ ಕೊಟ್ಟು ಕಳಿಸಿ. ನಂಗೆ ಅದು ಕಣ್ಣಿಗೆ ಬೀಳೋದು ಬೇಡ."

"ಅವನು ಅರ್ಧಕ್ಕೆ ಬಿಟ್ಟ ಕೆಲಸ. ಮುಗಿಸಿ ಕಳಿಸ್ತೀನಿ."

ತಳದ ತಗಡು ಬಿಚ್ಚಿದಾಗ ಮಗನ ಬೆಸುಗೆಗಳು ಕಂಡವು. ಜೋಳದ ಕಾಳಿನಷ್ಟು ಸಣ್ಣವು, ಹೊಳೆಯುವಂಥವು. ಒಂದು ತಂತಿಯ ತುದಿಯನ್ನು ಸುಲಿದು, ತಿರುಚಿ, ಬೆಸೆಯದೆ ಬಿಟ್ಟಿದ್ದ. ಮಾವ ಬಹಳ ಹೊತ್ತು ಆ ತಂತಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದು, ಕೊನೆಗೆ ಬೆಸುಗೆಯ ಐರನ್ ಕಾಯಿಸಿ ಅದನ್ನು ಬೆಸೆದ.

ಸೆಟ್ಟಿನ ಮೂಲ ಕಾಯಿಲೆ ದೊಡ್ಡದೇನಲ್ಲ. ಎಡಗಡೆಯ ಸ್ಪೀಕರಿನಲ್ಲಿ ಬಟ್ಟೆ ಹರಿದಂಥ ಸದ್ದು, ಬಲಗಡೆ ಪೂರಾ ಮೌನ. ಎಡಗಡೆ ಒಂದು ಸಣ್ಣ ಕಂಡೆನ್ಸರ್ ಸೋರುತ್ತಿತ್ತು. ಅದರಿಂದಾಗಿ ವಾಲ್ವಿನ ಒಳತಗಡು ಕೆಂಡದ ಹಾಗೆ ಕೆಂಪಾಗುತ್ತಿತ್ತು. ಅದನ್ನು ಬದಲಿಸಿದ. ಬಲಗಡೆ ಒಂದು ವಾಲ್ವಿನ ಪಿನ್ನುಗಳಿಗೆ ಕಿಲುಬು ಹಿಡಿದಿತ್ತು. ಪಿನ್ನುಗಳನ್ನು ಉಜ್ಜಿದ, ಕೂರುವ ತೂತುಗಳನ್ನು ಸ್ಪಿರಿಟ್ ಹಾಕಿ ಒರೆಸಿದ. ಎರಡು ದಿನ ಹೀಗೇ ಹೋಯಿತು. ಹೆಂಡತಿ ಊಟದ ತಟ್ಟೆಯನ್ನು ಪರದೆಯ ಈಚೆ ನೆಲದ ಮೇಲಿಟ್ಟು ಹೋಗುತ್ತಿದ್ದಳು, ಅಂಗಡಿಯೊಳಗೆ ಕಾಲಿಡಲಿಲ್ಲ.

ವಾಲ್ವುಗಳನ್ನು ಕೂರಿಸುವ ಮುಂಚೆ ಕರೆಂಟ್ ಸರಿಯಾಗಿ ಬರುತ್ತಿದೆಯೇ ಎಂದು ನೋಡುವುದು ವಾಡಿಕೆ. ಮಗನೂ ಅವತ್ತು ಅದನ್ನೇ ಮಾಡುತ್ತಿದ್ದ. ಮಾವ ದಪ್ಪ ಕಂಡೆನ್ಸರಿಗೆ ಮೀಟರಿನ ತಂತಿಗಳನ್ನು ಕಚ್ಚಿಸಿ ಸ್ವಿಚ್ ಹಾಕಿದ. ಮುಳ್ಳು ಮೇಲೇರಿ ನಾನೂರು ವೋಲ್ಟ್ ದಾಟಿ ನಿಂತಿತು. ಟ್ರಾನ್ಸ್‌ಫಾರ್ಮರ್ ಬಿಸಿಯಾಗುವವರೆಗೆ ಬಿಟ್ಟು ನೋಡಿದ. ಎಲ್ಲ ಸರಿ. ಸ್ವಿಚ್ ಆರಿಸಿದ, ಪ್ಲಗ್ ಕಿತ್ತು ಮೇಜಿನ ಮೇಲೆ ಎಸೆದ, ಎದ್ದು ಹೂಜಿಯಿಂದ ಒಂದು ಲೋಟ ನೀರು ಕುಡಿದ. ವಾಪಸ್ ಬಂದು ಬಲಗೈ ಚಾಚಿದ.

ಮೀಟರಿನ ತಂತಿ ಬೆರಳಿಗೆ ಅಡ್ಡ ಬಂತು. ಅದನ್ನು ಬಿಡಿಸಬೇಕೆಂದು ಮೀಟರಿನ ಕಡೆ ನೋಡಿದ. ಮುಳ್ಳು ಇಳಿದಿರಲಿಲ್ಲ.

ಮುಳ್ಳು ಸಿಕ್ಕಿಕೊಂಡಿದೆ ಅಂದುಕೊಂಡ. ಗಾಜಿನ ಮೇಲೆ ಬೆರಳಿನಿಂದ ತಟ್ಟಿದ. ಅದು ಒಮ್ಮೆ ನಡುಗಿ ಅಲ್ಲೇ ನಿಂತಿತು. ಪ್ಲಗ್ ಕಣ್ಣೆದುರಿಗೆ ಮೇಜಿನ ಮೇಲಿತ್ತು, ಅದರ ಹಿತ್ತಾಳೆ ಕಾಲುಗಳು ಮೇಲೆ ನೋಡುತ್ತಿದ್ದವು. ಬಲ್ಬಿಗೆ ಎರಡು ತಂತಿ ಕಟ್ಟಿಕೊಂಡು, ಮೈ ದೂರ ಇಟ್ಟು, ಕಂಡೆನ್ಸರಿಗೆ ಮುಟ್ಟಿಸಿದ. ಬಲ್ಬು ಫಳಕ್ಕನೆ ಹೊತ್ತಿ ಆರಿತು. ಮುಳ್ಳು ಆಗ ಕೆಳಗೆ ಬಿತ್ತು.

ಮಾವ ಸೆಟ್ಟು ಆರಲು ಬಿಟ್ಟು ಆ ರೆಸಿಸ್ಟೆನ್ಸನ್ನು ಅಳೆದ. ಗಟ್ಟಿ. ಕಾದ ಐರನ್ನನ್ನು ಅದರ ಮೈಗೆ ಹಿಡಿದು ಮತ್ತೆ ಅಳೆದ. ಸ್ವಲ್ಪ ಹೊತ್ತಿಗೆ ಮೀಟರ್ ಏನನ್ನೂ ತೋರಿಸಲಿಲ್ಲ, ಕಡ್ಡಿಯನ್ನು ಯಾರೋ ನಡುವೆ ಕತ್ತರಿಸಿದ ಹಾಗೆ. ಬಾಯಿಂದ ಊದಿ ತಣ್ಣಗೆ ಮಾಡಿದ. ಮತ್ತೆ ಗಟ್ಟಿ. ಭೂತಗನ್ನಡಿಯಲ್ಲಿ ನೋಡಿದಾಗ ಅದರ ಮೈಸುತ್ತ ಕೂದಲೆಳೆಯಂಥ ಬಿರುಕು ಕಂಡಿತು. ಪಕ್ಕದ ಟ್ರಾನ್ಸ್‌ಫಾರ್ಮರಿನ ಶಾಖಕ್ಕೆ ಬಿರುಕು ಬಾಯಿಬಿಡುತ್ತಿತ್ತು, ಆರಿದರೆ ಕೂಡಿಕೊಳ್ಳುತ್ತಿತ್ತು. ಅವತ್ತು ತಾನು ಅಳೆದದ್ದು ತಣ್ಣಗಾದ ಕಡ್ಡಿಯನ್ನು.

ಪರದೆ ಸರಿಸಿ ಒಳಗೆ ಹೋದ. ಹೆಂಡತಿ ಒಗೆದ ಬಟ್ಟೆ ಮಡಚುತ್ತಿದ್ದಳು.

"ಅವನು ಪ್ಲಗ್ ಕಿತ್ತಿದ್ದ," ಎಂದ. "ಅವಳು ಹೇಳಿದ್ದೇ ನಿಜ ಇರಬೇಕು."

ಹೆಂಡತಿ ಮಡಚುತ್ತಿದ್ದ ಅಂಗಿಯನ್ನು ಕೆಳಗಿಡಲಿಲ್ಲ. "ನಾನೂ ನೋಡಿದ್ದೆ," ಎಂದಳು.

"ಏನು ನೋಡಿದ್ದೆ?"

"ಸದ್ದು ಕೇಳಿ ಹಿತ್ತಲಿಂದ ಓಡಿ ಬಂದೆನಲ್ಲ. ಅವಳು ಅವನ ಹತ್ರ ಕೂತು ಕೂಗ್ತಿದ್ಲು. ಪ್ಲಗ್ಗಿನ ವೈರು ಸ್ಟೂಲಿನ ಕಾಲಿಗೆ ಸುತ್ಕೊಂಡು ಬಿದ್ದಿತ್ತು. ಅವನೇ ಕಿತ್ತು ಹಾಕಿರೋ ಹಾಗೆ. ಅಷ್ಟರಲ್ಲಿ ಅವಳಿಗೆ ಕೀಳೋಕೆ ಹೊತ್ತೆಲ್ಲಿತ್ತು?"

"ಯಾಕೆ ಬಾಯಿ ಬಿಡಲಿಲ್ಲ ನೀನು?"

"ನೀವು ಮೀಟರ್ ಹಿಡ್ಕೊಂಡು ಹೇಳಿದ್ರಿ. ನಾನು ಓದಿದವಳಾ, ಬರೆದವಳಾ? ನಂಗೇ ಕಣ್ಣು ಮಂಜಾಗಿತ್ತೇನೋ ಅಂದ್ಕೊಂಡೆ." ಅವಳು ಅಂಗಿಯನ್ನು ಕೆಳಗಿಟ್ಟಳು. "ಅದೂ ಪೂರ್ತಿ ನಿಜ ಅಲ್ಲ ರೀ. ಅವಳ ತಪ್ಪಲ್ಲ ಅಂದ್ರೆ ಇನ್ಯಾರ ತಪ್ಪು? ನನ್ನ ಮಗಂದು ಅನ್ಬೇಕಾಗಿತ್ತು. ಇಲ್ಲಾ ನಿಮ್ದು. ನೀರು ಕುಡಿ ಅಂತ ಹೇಳಿಕೊಟ್ಟವರು ನೀವು. ಆ ಮಾತು ಈ ಮನೇಲಿ ಎದ್ದಿದ್ರೆ ನಾವಿಬ್ರೂ ಬದುಕಿರ್ತಿದ್ವಾ? ಅವಳು ಹೊರಗಿಂದ ಬಂದವಳು. ಅವಳ ತಲೆ ಮೇಲೆ ಹೋಗ್ಲಿ ಅಂತ ಸುಮ್ನಾದೆ."

ಅವತ್ತು ಆ ಮನೆಯಲ್ಲಿ ಒಲೆ ಹಚ್ಚಲಿಲ್ಲ.

ಮರುದಿನ ಊಟದ ಬಿಡುವಿನ ಹೊತ್ತಿಗೆ ಮಾವ ಹೊಲಿಗೆ ಕಾರ್ಖಾನೆಯ ಗೇಟಿನ ಮುಂದೆ ನಿಂತಿದ್ದ. ವಾಚ್‌ಮನ್ ಒಳಗೆ ಹೇಳಿ ಕಳಿಸಿದ. ಸೊಸೆ ಬಂದಳು. ಬಟ್ಟೆಯ ಮೇಲೆಲ್ಲ ನೂಲಿನ ಚೂರು ಅಂಟಿತ್ತು. ಸೊರಗಿದ್ದಳು. ಮಾವನನ್ನು ಕಂಡು ಎರಡು ಹೆಜ್ಜೆ ದೂರದಲ್ಲೇ ನಿಂತಳು.

"ಅತ್ತೆಗೇನಾದ್ರೂ ಆಯ್ತಾ?"

"ಇಲ್ಲಮ್ಮ. ಅವಳು ಚೆನ್ನಾಗಿದಾಳೆ." ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಕಲಸಿಹೋಯಿತು. ರೆಸಿಸ್ಟೆನ್ಸ್, ಬಿಸಿ, ಬಿರುಕು ಎಂದು ತಡವರಿಸಿ ಹೇಳಿದ. "ಪ್ಲಗ್ ಕಿತ್ತಿದ್ರೂ ಒಳಗೆ ಕರೆಂಟಿತ್ತು. ನೀನು ಹೇಳಿದ್ದು ನಿಜ."

"ನಿಜ ಅಂತ ನಾನು ಅವತ್ತೇ ಹೇಳಿದ್ನಲ್ಲ ಮಾವ."

"ಹೌದು."

"ನಾನು ಹೇಳಿದ್ರೆ ಆಗ್ಲಿಲ್ಲ. ಈಗ ಮೀಟರ್ ಹೇಳ್ತು, ನಂಬಿದ್ರಿ."

ಒಳಗೆ ಹೊಲಿಗೆ ಯಂತ್ರಗಳು ನಿಂತಿದ್ದರಿಂದ ಅಂಗಳವೆಲ್ಲ ನಿಶ್ಶಬ್ದವಾಗಿತ್ತು.

"ನಿಮಗೊಂದು ವಿಷಯ ಗೊತ್ತಾ?" ಎಂದಳು ಸೊಸೆ. "ನೀವು ಎಷ್ಟು ಸಲ ಕೇಳಿದ್ರಿ ಅಂದ್ರೆ, ಕೊನೆಗೆ ನಂಗೇ ಅನುಮಾನ ಬಂತು. ಲೋಟ ಇಡೋಕೆ ಹೋಗೋವಾಗ ಕೈ ತಾಗಿರಬಹುದಾ ಅಂತ. ಕಣ್ಣು ಮುಚ್ಚಿದ್ರೆ ನನ್ನ ಕೈ ಆ ಬೋರ್ಡಿನ ಮೇಲಿರತ್ತೆ. ಅಣ್ಣನ ಮನೇಲಿ ಅತ್ತಿಗೆ ನನ್ನ ಹತ್ರ ಲೈಟ್ ಹಾಕ್ಸಲ್ಲ. ಮಿಕ್ಸಿ ಮುಟ್ಟೋಕೆ ಬಿಡಲ್ಲ. ತಮಾಷೆಗೆ ಅಂತಾರೆ. ಕೋಣೇಲಿ ನಾನು ಕತ್ತಲಲ್ಲೇ ಕೂತಿರ್ತೀನಿ, ಯಾರಾದ್ರೂ ಬಂದು ಸ್ವಿಚ್ ಹಾಕ್ಲಿ ಅಂತ."

"ತಪ್ಪಾಯ್ತು ಕಣಮ್ಮ," ಎಂದ ಮಾವ.

ಗಂಟೆ ಹೊಡೆಯಿತು. ಹೋಗಲು ತಿರುಗಿದವಳು ನಿಂತು, "ನಂಗೆ ತೋರಿಸ್ತೀರಾ?" ಎಂದಳು. "ಆ ಮುಳ್ಳು ಇಳಿಯಲ್ಲ ಅಂದ್ರಲ್ಲ, ಅದನ್ನ ನಾನು ನೋಡ್ಬೇಕು."

ಶನಿವಾರ ಮಧ್ಯಾಹ್ನ ಅವಳು ಬಂದಳು. ಬೀದಿಯಲ್ಲಿ ಎರಡು ಮೂರು ಬಾಗಿಲು ತೆರೆದುಕೊಂಡವು. ಅಂಗಡಿಯ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಅವಳು ಒಳಗೆ ಬಂದಳು. ಮೇಜು, ಸ್ಟೂಲು, ಗೋಡೆಯ ಬೋರ್ಡು ಎಲ್ಲ ಇದ್ದಲ್ಲೇ ಇದ್ದವು. ಪರದೆಯ ಹಿಂದೆ ಅತ್ತೆಯ ಪಾದಗಳು ಕಾಣುತ್ತಿದ್ದವು.

ಮಾವ ಒಡಕಲು ರೆಸಿಸ್ಟೆನ್ಸನ್ನು ಇನ್ನೂ ತೆಗೆದಿರಲಿಲ್ಲ. ಮೀಟರ್ ಕಚ್ಚಿಸಿ, ಸೆಟ್ಟನ್ನು ಬಿಸಿಯಾಗಲು ಬಿಟ್ಟ. ಆಮೇಲೆ, "ನೀನೇ ಕೀಳು," ಎಂದ. ಅವಳು ಕೈ ಮುಂದೆ ಮಾಡಿ ಹಿಂದೆಗೆದಳು. ಮತ್ತೆ ಚಾಚಿ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡಳು. ಇಬ್ಬರೂ ಮುಳ್ಳನ್ನೇ ನೋಡುತ್ತ ನಿಂತರು. ಅದು ನಾನೂರರ ಆಚೆ ಅಲುಗಾಡದೆ ನಿಂತಿತ್ತು. ಹೊರಗೆ ಒಂದು ಸ್ಕೂಟರು ಹೋಯಿತು, ಯಾರೋ ಯಾರನ್ನೋ ಕೂಗಿದರು. ಮುಳ್ಳು ನಿಂತೇ ಇತ್ತು.

"ಅವತ್ತು ಇಷ್ಟು ಹೊತ್ತು ಆಗಿರಲಿಲ್ಲ," ಎಂದಳು ಸೊಸೆ, ತನಗೆ ತಾನೇ ಹೇಳಿಕೊಳ್ಳುವ ಹಾಗೆ. "ನೀರು ಬೇಗ ಬೇಗ ಕುಡಿದ್ರು. ಅಂಗಿ ಮೇಲೆ ಚೆಲ್ಲಿಕೊಂಡ್ರು. ನಾನು ನಕ್ಕೆ."

ಆಮೇಲೆ ಅವಳು ಅತ್ತಳು. ಪ್ಲಗ್ಗನ್ನು ಬಿಡದೆ, ಕುಕ್ಕುರುಗಾಲಲ್ಲಿ ಕೂತು, ಮೈ ಕುಲುಕುವ ಹಾಗೆ. ಗಂಡ ಸತ್ತಾಗ ಅವಳಿಗೆ ಅಳಲು ಯಾರೂ ಪುರುಸೊತ್ತು ಕೊಟ್ಟಿರಲಿಲ್ಲ. ಪರದೆಯ ಹಿಂದಿನ ಪಾದಗಳು ಒಂದು ಹೆಜ್ಜೆ ಮುಂದೆ ಬಂದು ನಿಂತವು. ಮಾವ ಮೀಟರಿನ ಕಡೆ ನೋಡುತ್ತಿದ್ದ. ಅಳುತ್ತಿರುವ ಸೊಸೆಯ ತಲೆ ಮುಟ್ಟುವ ಹಕ್ಕು ತನಗಿಲ್ಲವೆಂದು ಅವನಿಗೆ ಗೊತ್ತಿತ್ತು.

ಕಣ್ಣೊರೆಸಿಕೊಂಡು ಎದ್ದಾಗ ಅವಳ ಮಾತು ನೆಟ್ಟಗಿತ್ತು. "ನಂಗೆ ಹೇಳಿದ್ರಿ, ಸರಿ. ಅವತ್ತು ಯಾರ್ಯಾರ ಮುಂದೆ ನನ್ನ ಹೆಸರು ಕೆಡಿಸಿದ್ರೋ ಅವರಿಗೆಲ್ಲ ಹೇಳಿ. ಮೊದಲು ನಮ್ಮಣ್ಣನ ಮನೆಗೆ ಬನ್ನಿ, ಅತ್ತಿಗೆ ಎದುರಿಗೆ ಹೇಳಿ."

ಅತ್ತೆ ಪರದೆ ಸರಿಸಿ ಈಚೆ ಬಂದಳು. "ಒಂದು ತುತ್ತು ಊಟ ಮಾಡ್ಕೊಂಡು..." ಎಂದು ಶುರುಮಾಡಿದವಳು ಸೊಸೆಯ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಒಂದೇ ಉಸಿರಿಗೆ, ತಾನೂ ಪ್ಲಗ್ ನೋಡಿದ್ದನ್ನು, ನೋಡಿಯೂ ಸುಮ್ಮನಿದ್ದದ್ದನ್ನು ಹೇಳಿಬಿಟ್ಟಳು. ಸೊಸೆ ಕೇಳಿಸಿಕೊಂಡಳು. ಮಾವನ ಮಾತಿಗೆ ತಿರುಗಿ ಉತ್ತರ ಕೊಟ್ಟಿದ್ದವಳು ಅತ್ತೆಯ ಮಾತಿಗೆ ಏನೂ ಅನ್ನಲಿಲ್ಲ. ಪ್ಲಗ್ಗನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ಅವತ್ತೇ ಸಂಜೆ ಮಾವ ಕಡ್ಡಿಯನ್ನು ಬದಲಿಸಿದ. ಭಾನುವಾರ ಡಾಕ್ಟರ ಮುಂದೆ ಸೆಟ್ಟು ಎರಡೂ ಕಡೆಯಿಂದ ತುಂಬಿದ ದನಿಯಲ್ಲಿ ಹಾಡಿತು. ಡಾಕ್ಟರು ಅರ್ಧ ಹಾಡಿಗೇ ಸಾಕು ಎಂದು ಕೈ ಸನ್ನೆ ಮಾಡಿ, ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಹೋದರು.

ಸೊಸೆ ಕೇಳಿದ್ದನ್ನು ಮಾವ ನಡೆಸಿದ. ಸೊಸೆಯ ಅಣ್ಣನ ಮನೆಯ ನಡುಮನೆಯಲ್ಲಿ ನಿಂತು ಹೇಳಿದ. ಅಣ್ಣ ಕೂರಲೂ ಹೇಳಲಿಲ್ಲ. ಅತ್ತಿಗೆ, "ಹಾಗಾದ್ರೆ ಒಳ್ಳೇದೇ ಆಯ್ತು ಬಿಡಿ," ಎಂದಳು, ಕೆಟ್ಟುಹೋಗಿದ್ದ ನಲ್ಲಿ ಸರಿಯಾದ ಹಾಗೆ. ನೆಂಟರ ಮನೆಗಳಿಗೆ ಹೋದ. ಕ್ಷೌರದಂಗಡಿಗೆ, ಹಾಲಿನ ಬೂತಿಗೆ ಹೋದ. ಕೆಟ್ಟ ಸುದ್ದಿ ಹೇಳುವಾಗ ಸರಾಗವಾಗಿ ಹರಿದಿದ್ದ ನಾಲಿಗೆ ಈಗ ಪ್ರತಿ ಬಾಗಿಲಲ್ಲೂ ಒಣಗುತ್ತಿತ್ತು. ಜನ ಕೇಳಿಸಿಕೊಂಡರು, ಪಾಪ ಎಂದರು. ಅವನು ಬೆನ್ನು ತಿರುಗಿಸಿದ ಮೇಲೆ ಬೇರೆ ಮಾತಾಡಿಕೊಂಡರು. ಅದೂ ಒಂದು ದಿನ ಅವನ ಕಿವಿಗೆ ಬಿತ್ತು. ಕ್ಷೌರದವನು ಒಳಗಿದ್ದ ಯಾರಿಗೋ ಹೇಳುತ್ತಿದ್ದ: "ಮಗ ಹೋದ ಮೇಲೆ ತಲೆ ಕೆಟ್ಟಿದೆ ಮುದುಕನಿಗೆ. ಆ ಹುಡುಗಿ ಮೊನ್ನೆ ಅಂಗಡಿಗೆ ಬಂದಿದ್ಲಂತೆ. ಏನು ಹೆದರಿಸಿ ಹೋದ್ಲೋ ಏನೋ, ಈಗ ಅವಳದೇ ರಾಗ ಹಾಡ್ತಾನೆ."

ಮಾವ ಒಳಗೆ ನುಗ್ಗಿ ಮತ್ತೆ ಮೊದಲಿಂದ ಹೇಳಿದ. ರೆಸಿಸ್ಟೆನ್ಸ್, ಬಿಸಿ, ಬಿರುಕು. ಕ್ಷೌರದವನು ಕತ್ತರಿ ನಿಲ್ಲಿಸಿ, ಚಿಕ್ಕ ಮಕ್ಕಳನ್ನು ಸಮಾಧಾನ ಮಾಡುವ ದನಿಯಲ್ಲಿ, "ಆಯ್ತು ಮಾವ, ಆಯ್ತು. ನಡೀರಿ ಮನೆಗೆ," ಎಂದ.

ಸೊಸೆ ಅಣ್ಣನ ಮನೆ ಬಿಟ್ಟಳೆಂದೂ, ಜೊತೆ ಕೆಲಸ ಮಾಡುವ ಹೆಂಗಸಿನೊಂದಿಗೆ ಒಂದು ಕೋಣೆ ಮಾಡಿಕೊಂಡಿದ್ದಾಳೆಂದೂ ಆಮೇಲೆ ಗೊತ್ತಾಯಿತು. ಮಾವ ಮತ್ತೆ ಅತ್ತ ಹೋಗಲಿಲ್ಲ. ಅವಳು ಕರೆದಿರಲಿಲ್ಲ. ಹೆಂಡತಿ ಮಾತ್ರ ಆಗಾಗ ಬಸ್ಸು ಹಿಡಿದು ಹೋಗಿ, ಕಾರ್ಖಾನೆ ಬಿಡುವ ಹೊತ್ತಿಗೆ ಗೇಟಿನೆದುರು ನಿಲ್ಲುತ್ತಿದ್ದಳು. ಸೊಸೆ ಗೆಳತಿಯರ ಗುಂಪಿನಲ್ಲಿ ಬರುವಳು, ನೋಡುವಳು, ನಿಲ್ಲದೆ ಮುಂದೆ ಹೋಗುವಳು. ಹೆಂಡತಿ ಮನೆಗೆ ಬಂದು ಏನೂ ಹೇಳುತ್ತಿರಲಿಲ್ಲ, ಮಾವ ಏನೂ ಕೇಳುತ್ತಿರಲಿಲ್ಲ.

ಬೇಸಿಗೆಯ ಒಂದು ಸಂಜೆ ಹೆಂಡತಿ ಬಂದವಳೇ ಕೈಚೀಲವನ್ನೂ ಕೆಳಗಿಡದೆ ಅಂಗಡಿಯ ಮೆಟ್ಟಿಲ ಮೇಲೇ ಕೂತಳು.

"ಇವತ್ತು ಮಾತಾಡಿದ್ಲು."

ಮಾವ ಐರನ್ ಕೆಳಗಿಟ್ಟ. "ಏನಂದ್ಲು?"

"'ಬಿಸಿಲಲ್ಲಿ ನಿಲ್ಬೇಡಿ ಅತ್ತೆ, ತಲೆ ತಿರುಗತ್ತೆ' ಅಂದ್ಲು."

"ಆಮೇಲೆ?"

"ಆಮೇಲೆ ಏನಿಲ್ಲ. ಹೋದ್ಲು."

ಮಾವ ಐರನ್ನಿನ ತುದಿಯನ್ನು ಒದ್ದೆ ಬಟ್ಟೆಗೆ ಒರೆಸಿದ. ಅದು ಚುಂಯ್ ಎಂದಿತು.

"ನನ್ನ ವಿಷಯ ಏನಾದ್ರೂ ಕೇಳಿದ್ಲಾ?"

ಹೆಂಡತಿ ಕೈಚೀಲವನ್ನು ಕೆಳಗಿಟ್ಟಳು. ಸುಳ್ಳು ಹೇಳಬಹುದಾಗಿತ್ತು, ಹೇಳಲಿಲ್ಲ.

"ಇಲ್ಲ," ಎಂದಳು.